ನೀಲಿ ಪಟ್ಟಿಯ ಕ್ಯಾಸೆಟ್ಟು ಹೇಳಿದ ತಿಥಿ

ಎರಡು ಗೇಜುಗಳು ಒಂದೇ ಉಕ್ಕಿನ ತುಂಡಿಗೆ ಎರಡು ಅಳತೆ ಹೇಳಿದರೆ ಆ ದಿನ ಪುಂಡರೀಕಾಕ್ಷನಿಗೆ ಊಟ ರುಚಿಸುತ್ತಿರಲಿಲ್ಲ. ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಅಳೆಯುವ ಸಾಧನಗಳನ್ನೇ ಅಳೆಯುವುದು. ಅವನ ಕ್ರಮ ಇಡೀ ಕಾರ್ಖಾನೆಗೆ ಗೊತ್ತಿತ್ತು. ಎರಡು ಗೇಜು ಭಿನ್ನವಾಗಿ ನುಡಿದರೆ ಮೂರನೆಯದನ್ನು ತರಿಸುತ್ತಿದ್ದ. ಮೂರನೆಯದರ ಮೇಲೂ ಅನುಮಾನ ಬಂದರೆ ಗೇಜುಗಳನ್ನೆಲ್ಲ ಬದಿಗಿಟ್ಟು, ಅಳತೆಗೆ ಬಂದ ತುಂಡನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅರ್ಧದಷ್ಟು ಸಲ ತಂಟೆ ಇರುತ್ತಿದ್ದದ್ದು ತುಂಡಿನಲ್ಲಿಯೇ.

ನಿವೃತ್ತನಾಗಿ ಮೂರು ವರ್ಷವಾದರೂ ಆ ಅಭ್ಯಾಸ ಹೋಗಿರಲಿಲ್ಲ. ಎಂಐಡಿಸಿಯ ವಸತಿ ವಿಭಾಗದ ಅವನ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ದೇವರ ಗೂಡಿನ ಕೆಳಗಿನ ಕಪಾಟಿನೊಳಗೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಒಂದು ಕಂಪ್ಯೂಟರ್ ಇತ್ತು. ರಬ್ಬರಿನ ಕೀಲಿಗಳ, ಒಂದು ಪೊರಕೆಗಿಂತ ಹಗುರಾದ ಪೆಟ್ಟಿಗೆ. ೧೯೮೭ರಲ್ಲಿ ಮಸ್ಕತ್ತಿನಿಂದ ಬಂದ ಭಾವ ತಂದುಕೊಟ್ಟದ್ದು. ಟೀವಿಯೇ ಅದರ ಪರದೆ, ಟೇಪ್ ರೆಕಾರ್ಡರೇ ಅದರ ಭಂಡಾರ. ಈಗಿನವರು ಬೆಳಗಾದರೆ ಫೋನಿನಲ್ಲಿ ಕಳಿಸುವ ಒಂದು ಹೂವಿನ ಚಿತ್ರ ಅದರ ನೆನಪಿನೊಳಗೆ ಹಿಡಿಯಲಾರದು. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿಯನ್ನು ಕಂಪೈಲರ್ ಎನ್ನುತ್ತಾರಷ್ಟೆ. ಸಿ ಭಾಷೆಗೆ ಅಂಥ ಮೂರು ಕಂಪೈಲರುಗಳು ಅವನ ಬಳಿ ಮೂರು ಕ್ಯಾಸೆಟ್ಟುಗಳಲ್ಲಿದ್ದವು. ನೀಲಿ ಪಟ್ಟಿ ಅಂಟಿಸಿದ್ದು ಭಾವ ತಂದದ್ದು, ಹಸಿರು ಪಟ್ಟಿಯದು ಮುಂಬಯಿಯ ಅಂಗಡಿಯದು. ಬಿಳಿ ಪಟ್ಟಿಯದು ಹೇಗೆ ಬಂತೆಂಬುದು ಅವನಿಗೇ ಮರೆತುಹೋಗಿತ್ತು.

ಅಕ್ಟೋಬರಿನ ಕೊನೆಯಲ್ಲಿ, ಠಾಣೆಯಲ್ಲಿ ತಿಂಗಳಿಗೊಮ್ಮೆ ಸೇರುವ ಹಳೆಯ ಕಂಪ್ಯೂಟರುಗಳ ಗೆಳೆಯರ ಕೂಟದಿಂದ ವಿಶ್ರುತ ಫೋನ್ ಮಾಡಿದ. ಧಾರವಾಡದ ಕಡೆಯ ಹುಡುಗ, ಆಫೀಸು ಠಾಣೆಯಲ್ಲಿ.

"ಕಾಕಾರ, ನಿಮ್ಮ ಕಡೆ ಮೂರು ಸಿ ಕಂಪೈಲರ್ ಅದಾವಂತಲ್ಲ? ಯಾವುದನ್ನ ನಂಬಬಹುದು, ಒಂದು ಟೇಬಲ್ ಮಾಡ್ಕೊಂಡು ಬರ್ರಿ. ಇಪ್ಪತ್ತು ಮಿನಿಟ್ ಮಾತಾಡಿದ್ರ ಸಾಕು."

"ನಂಬುವುದು ಎಂದರೆ ಎಂತ? ವೇಗವಾ, ನಿಖರತೆಯಾ?"

"ಅದೆಲ್ಲ ನೀವ ಹೇಳ್ರಿ. ನೀವು ಗೇಜಿನ ಮಂದಿ."

ಪರೀಕ್ಷೆಗೆ ಯಾವ ಪ್ರೋಗ್ರಾಮನ್ನು ಕೊಡುವುದೆಂದು ಅವನು ಬಹಳ ಯೋಚಿಸಲಿಲ್ಲ. ಆ ಯಂತ್ರಕ್ಕಾಗಿ ಅವನು ಬರೆದ ದೊಡ್ಡ ಪ್ರೋಗ್ರಾಮ್ ಒಂದೇ. ಅದು ತಾರೀಖು ಕೊಟ್ಟರೆ ತಿಥಿ ಹೇಳುತ್ತಿತ್ತು.

ಆ ಪ್ರೋಗ್ರಾಮಿಗೊಂದು ಹಿನ್ನೆಲೆಯಿತ್ತು. ಅವನ ತಂದೆ ಠಾಣೆಯ ಒಂದು ನಾಕೆಯಲ್ಲಿ, ರಸ್ತೆಗಳು ಕೂಡುವಲ್ಲಿ, ಪಾಲುದಾರಿಕೆಯ ಶಾಕಾಹಾರಿ ಹೋಟೆಲು ನಡೆಸುತ್ತಿದ್ದವರು. ೧೯೬೮ರ ನವೆಂಬರಿನ ಒಂದು ಗುರುವಾರ ಹೋಟೆಲಿನಲ್ಲಿಯೇ ಕುಸಿದು ತೀರಿಕೊಂಡರು. ತಾಯಿ ನಾಗವೇಣಿ ಆಗ ಆರು ವರ್ಷದ ಪುಂಡರೀಕಾಕ್ಷನ ಜತೆ ಉಡುಪಿಯ ತವರಿನಲ್ಲಿ, ಎರಡನೆಯ ಹೆರಿಗೆಗೆ ಕಾದಿದ್ದರು. ಪಾಲುದಾರರ ತಂತಿಯಲ್ಲೂ ಆಮೇಲೆ ಬಂದ ಕಾರ್ಡಿನಲ್ಲೂ ಇದ್ದದ್ದು ಇಂಗ್ಲಿಷ್ ತಾರೀಖು ಮಾತ್ರ. ತಿಥಿ ತಿಳಿಯದವರಿಗೆ ಮಾಡುವಂತೆ ಹಿರಿಯರು ಆ ಮಾಸದ ಅಮಾವಾಸ್ಯೆಯಂದು ಶ್ರಾದ್ಧ ಮಾಡಿಸಿದರು. ಇಪ್ಪತ್ತು ವರ್ಷ ಹಾಗೆಯೇ ನಡೆಯಿತು. ತನ್ನ ಅಪ್ಪನಿಗೆ ಸ್ವಂತದ್ದೊಂದು ದಿನವಿಲ್ಲ, ಎಲ್ಲರ ಅಮಾವಾಸ್ಯೆಯಲ್ಲಿ ಅವರಿಗೂ ಒಂದು ಪಾಲು ಎಂಬ ಕೊರಗು ಪುಂಡರೀಕಾಕ್ಷನಲ್ಲಿ ಉಳಿದಿತ್ತು. ೧೯೮೮ರಲ್ಲಿ, ಇಪ್ಪತ್ತಾರರ ಹುಮ್ಮಸ್ಸಿನಲ್ಲಿ, ಚಂದ್ರಸೂರ್ಯರ ಗತಿಯನ್ನು ಪೂರ್ಣಾಂಕಗಳಿಗೆ ಇಳಿಸಿ ನೀಲಿ ಪಟ್ಟಿಯ ಕಂಪೈಲರಿನಲ್ಲಿ ಆ ಪ್ರೋಗ್ರಾಮ್ ಕಟ್ಟಿದ. ಆ ವರ್ಷದ ಮುನ್ನೂರ ಅರುವತ್ತಾರು ದಿನಗಳನ್ನೂ ಅಚ್ಚಾದ ಪಂಚಾಂಗದೊಡನೆ ತಾಳೆ ನೋಡಿದ. ಎಲ್ಲೋ ಐದಾರು ಕಡೆ ಬಿಟ್ಟರೆ ಎಲ್ಲವೂ ಕೂಡಿಬಂತು. ಕೊನೆಗೆ ಅಪ್ಪನ ತಾರೀಖು ಕೊಟ್ಟ. ಪರದೆಯ ಮೇಲೆ ಬಂದದ್ದು ಕಾರ್ತಿಕ ಬಹುಳ ದಶಮಿ.

ಅಂದಿನಿಂದ ಮೂವತ್ತೇಳು ವರ್ಷ ಶ್ರಾದ್ಧ ನಡೆದದ್ದು ದಶಮಿಯಂದೇ.

ನವೆಂಬರಿನ ಮೊದಲ ವಾರ, ಟೇಬಲಿಗೆಂದು, ಅದೇ ಪ್ರೋಗ್ರಾಮನ್ನು ಒಂದಕ್ಷರ ಬದಲಿಸದೆ ಹಸಿರು ಪಟ್ಟಿಯ ಕಂಪೈಲರಿಗೆ ಕೊಟ್ಟ. ನೂರು ತಾರೀಖುಗಳಲ್ಲಿ ನೂರೂ ನೀಲಿಯೊಡನೆ ಕೂಡಿಬಂದವು. ನೂರೊಂದನೆಯದಾಗಿ, ಹೊಸ ಲೇಖನಿ ಕೊಂಡವರು ಮೊದಲು ತಮ್ಮ ಹೆಸರು ಬರೆದು ನೋಡುವಂತೆ, ಅಪ್ಪನ ತಾರೀಖನ್ನು ಕೊಟ್ಟ. ಕಾರ್ತಿಕ ಬಹುಳ ನವಮಿ ಎಂದಿತು.

ಮತ್ತೆ ಕೊಟ್ಟ. ನವಮಿ. ಕ್ಯಾಸೆಟ್ಟು ಹಳತಾಗಿ ಒಂದು ಸದ್ದು ತಪ್ಪಿ ಓದಿರಬಹುದೆಂದು ಎಲ್ಲವನ್ನೂ ಮೊದಲಿನಿಂದ ತುಂಬಿಸಿದ. ನವಮಿ.

"ಎಂತ ಅದು, ಟೀವಿಯ ಎದುರು ಜಪಕ್ಕೆ ಕೂತ ಹಾಗೆ?" ಎಂದಳು ಹೆಂಡತಿ ವನಮಾಲಾ, ಅಡುಗೆಮನೆಯಿಂದ. "ಭಟ್ರಿಗೆ ಫೋನ್ ಮಾಡಿ ಆಯ್ತಾ? ದಶಮಿ ಬರುವ ವಾರದ ಶುಕ್ರವಾರ ಅಲ್ವಾ?"

"ಗುರುವಾರವೂ ಆಗಬಹುದು," ಎಂದ ಪುಂಡರೀಕಾಕ್ಷ.

ವನಮಾಲಾ ಕೈಯಲ್ಲಿದ್ದ ಸೌಟಿನೊಡನೆಯೇ ಹೊರಗೆ ಬಂದು ಅವನ ಮುಖ ನೋಡಿದಳು. ಫೋನಿನಲ್ಲಿ ಭಟ್ಟರು ಇನ್ನೂ ಖಾರವಾಗಿದ್ದರು. "ಒಂದು ದಿನ ಆಚೀಚೆ ಅಂದರೆ ಎಂತ ಮಾರಾಯ್ರೆ? ತಿಥಿ ಎಂದರೆ ಕಲ್ಯಾಣ್ ಫಾಸ್ಟ್ ಗಾಡಿಯಾ, ಹಿಂದೆ ಮುಂದೆ ಆಗ್ಲಿಕ್ಕೆ? ಭಾನುವಾರದ ಒಳಗೆ ಹೇಳಿ. ನನಗೆ ಆ ಎರಡೂ ದಿನ ಬೇರೆ ಕಡೆಯೂ ಉಂಟು."

ಭಾನುವಾರಕ್ಕೆ ಇನ್ನು ನಾಲ್ಕು ದಿನವಿತ್ತು.

ಕ್ರಮದಂತೆ ಮೂರನೆಯ ಗೇಜು: ಬಿಳಿ ಪಟ್ಟಿ. ಅದು ದಶಮಿ ಎಂದಿತು. ಎರಡಕ್ಕೆ ಒಂದು. ಪುಂಡರೀಕಾಕ್ಷ ಒಂದು ಲೋಟ ಕಾಫಿ ಕುಡಿದು, ಟೇಬಲಿನಲ್ಲಿ ಹಸಿರಿನ ಮುಂದೆ 'ನಂಬಲರ್ಹವಲ್ಲ' ಎಂದು ಬರೆಯಹೊರಟ. ಆದರೆ ಎಲ್ಲಿಂದ ಬಂತೆಂದೇ ಗೊತ್ತಿಲ್ಲದ ಬಿಳಿಯ ಮೇಲೆ ಅನುಮಾನ ಮೂಡಿತು. ಬೇಕೆಂದೇ ಪ್ರೋಗ್ರಾಮಿನಲ್ಲೊಂದು ತಪ್ಪು ಮಾಡಿ ಮೂರಕ್ಕೂ ಕೊಟ್ಟುನೋಡಿದ. ಹಸಿರು ತಪ್ಪಿದ್ದ ಸಾಲನ್ನೇ ತೋರಿಸಿತು. ನೀಲಿ ಅದರ ಮುಂದಿನ ಸಾಲನ್ನು ತೋರಿಸಿತು. ಬಿಳಿಯೂ ಮುಂದಿನ ಸಾಲನ್ನೇ ತೋರಿಸಿತು. ಎರಡೂ ಒಂದೇ ರೀತಿಯಲ್ಲಿ ಎಡವುತ್ತವೆಂದರೆ ಬಿಳಿಯೆಂಬುದು ಯಾರೋ ನೀಲಿಯನ್ನು ನಕಲು ಮಾಡಿ ಹೊಸ ಅಂಗಿ ತೊಡಿಸಿದ್ದು. ಒಂದೇ ಮನೆಯ ಇಬ್ಬರನ್ನು ಎರಡು ಸಾಕ್ಷಿಗಳೆಂದು ಎಣಿಸಿದಂತಾಯಿತು. ಎರಡಕ್ಕೆ ಒಂದು ಎಂಬುದು ಪುನಃ ಒಂದಕ್ಕೆ ಒಂದಾಯಿತು.

ಮರುದಿನ ಬೆಳಗಿನಿಂದ ಕಾಗದ, ಪೆನ್ಸಿಲು. ಸಾಲು ಸಾಲಾಗಿ ಕೈಯಲ್ಲೇ ಗುಣಿಸಿ ಭಾಗಿಸಿ ನಡೆದ. ಎರಡು ಯಂತ್ರಲೆಕ್ಕಗಳೂ ಒಂದು ಭಾಗಾಕಾರದವರೆಗೆ ಕೈ ಹಿಡಿದುಕೊಂಡು ಬಂದು ಅಲ್ಲಿ ಕೈ ಬಿಟ್ಟಿದ್ದವು. ಪ್ರೋಗ್ರಾಮಿನ ದಿನಗಣನೆಯನ್ನು ಅವನು ಶುರು ಮಾಡಿದ್ದು ೧೯೮೦ರ ಜನವರಿ ಒಂದರಿಂದ. ಅದಕ್ಕಿಂತ ಹಿಂದಿನ ದಿನಗಳು ಋಣ ಸಂಖ್ಯೆಗಳು. ಅಪ್ಪನ ಗುರುವಾರ ನಾಲ್ಕು ಸಾವಿರ ಚಿಲ್ಲರೆ ದಿನ ಹಿಂದೆ. ತಾಳೆ ನೋಡಿದ ನೂರು ತಾರೀಖುಗಳೂ, ೧೯೮೮ರ ಮುನ್ನೂರ ಅರುವತ್ತಾರೂ, ಮುಂದಿನವು. ಯಾವ ಒಂದು ದಿನಕ್ಕಾಗಿ ಪ್ರೋಗ್ರಾಮ್ ಬರೆದಿದ್ದನೋ ಆ ಒಂದು ದಿನ ಮಾತ್ರ ಎಂದೂ ಪರೀಕ್ಷೆಗೆ ಒಳಗಾಗಿರಲಿಲ್ಲ.

ಸಂಜೆ, ಠಾಣೆಯ ಆಫೀಸಿನಿಂದ ಬಂದ, ಕನ್ನಡದ ಮಾತಿಗೆ ಹಿಂದಿಯಲ್ಲಿ ಉತ್ತರಿಸುವ ಮಗಳು ಅನಘಳಿಗೆ ಅವನು ಇದನ್ನು ವಿವರಿಸಿದ. "ನಿಮ್ಮ ಆಫೀಸಿನ ಟವರಿನ ಲಿಫ್ಟು ಉಂಟಲ್ಲ, ಅದು ಮೂರು ಮತ್ತು ನಾಲ್ಕನೇ ಮಾಳಿಗೆಯ ನಡುವೆ ನಿಂತಿತು ಅಂತಿಟ್ಟುಕೋ. ಎಲ್ಲಿದ್ದೀರಿ ಅಂದರೆ ಎರಡು ಕಂಪೈಲರುಗಳೂ ಮೂರು ಅನ್ತವೆ. ಸರಿಯಾ? ಈಗ ಕೆಳಗೆ, ಪಾರ್ಕಿಂಗಿನ ಒಂದನೇ ಮತ್ತು ಎರಡನೇ ನೆಲಮಾಳಿಗೆಯ ನಡುವೆ ನಿಂತರೆ? ಹಸಿರು, ಯಾವಾಗಲೂ ಕಾಲಿನ ಕೆಳಗಿನ ಮಾಳಿಗೆ ಹೇಳುವಂಥದ್ದು, ಎರಡು ಅನ್ತದೆ. ನೀಲಿ, ಯಾವಾಗಲೂ ಗ್ರೌಂಡ್ ಫ್ಲೋರಿನ ಕಡೆಗಿನದ್ದು ಹೇಳುವಂಥದ್ದು, ಒಂದು ಅನ್ತದೆ."

"ತೋ ಗಲತ್ ಕೌನ್ ಹೈ?"

"ತಪ್ಪು ಯಾರದ್ದು, ಅದೇ ತಲೆಬಿಸಿ. ಭಾಷೆಯ ನಿಯಮಪುಸ್ತಕ ತೆಗೆದು ನೋಡಿದೆ. ಆ ಕಾಲದ್ದು ಏನು ಹೇಳ್ತದೆ ಗೊತ್ತುಂಟಾ? ಋಣ ಸಂಖ್ಯೆಯನ್ನು ಭಾಗಿಸಿ ಚೂರು ಉಳಿದರೆ ಉತ್ತರವನ್ನು ಯಾವ ಕಡೆಯ ಪೂರ್ಣಾಂಕಕ್ಕೆ ಇಳಿಸಬೇಕು ಎಂಬುದು ಅವರವರ ಇಷ್ಟವಂತೆ."

"ಮತಲಬ್ ದೋನೋ ಸಹೀ?"

"ಎರಡೂ ಸರಿ. ತಪ್ಪಿದ್ದು ನಾನು. ನನಗೆ ಬೇಕಾದದ್ದು ಕಾಲಿನ ಕೆಳಗಿನ ಮಾಳಿಗೆ. ಅದನ್ನು ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ."

ಆ ಭಾಗಾಕಾರವನ್ನು ಯಾವ ಕಂಪೈಲರಿಗೂ ಇಷ್ಟಾನಿಷ್ಟಕ್ಕೆ ಎಡೆಯಿಲ್ಲದಂತೆ ತಿದ್ದಿ ಮೂರರಲ್ಲೂ ಓಡಿಸಿದ. ಮೂರೂ ಒಕ್ಕೊರಲಿನಲ್ಲಿ ನವಮಿ ಎಂದವು. ಅನಘ ಫೋನಿನ ಪಂಚಾಂಗದಲ್ಲಿ ೧೯೬೮ಕ್ಕೆ ಹೋಗಿ ನೋಡಿದಳು. ಆ ಗುರುವಾರದ ನೆತ್ತಿಯ ಮೇಲೂ ನವಮಿ ಎಂದೇ ಇತ್ತು.

"ಆ ಫೋನಿನ ಒಳಗೂ ಯಾರೋ ಬರೆದ ಪ್ರೋಗ್ರಾಮೇ ಇರುವುದು, ಯಾವುದೋ ಕಂಪೈಲರೇ ತಿರುಗಿಸಿದ್ದು," ಎಂದ ಪುಂಡರೀಕಾಕ್ಷ. ಆದರೆ ದನಿಯಲ್ಲಿ ಬಲವಿರಲಿಲ್ಲ. ಮೂವತ್ತೇಳು ಸಲ, ಎಳ್ಳು ನೀರು ಬಿಟ್ಟು, ದರ್ಭೆ ಹಿಡಿದು, ಅವನು ಕರೆದದ್ದು ಅಪ್ಪ ಬಾರದ ದಿನ. ಪಿತೃಗಳು ಬರುತ್ತಾರೆಯೇ ಎಂಬುದರಲ್ಲಿ ಅವನಿಗೆ ಪೂರ್ತಿ ನಂಬಿಕೆಯಿತ್ತೆಂದು ಹೇಳಲಾಗದು. ಆದರೆ ಬರುವುದಾದರೆ ಬಂದು, ತಮಗೆಂದು ಎಲೆಯೇ ಹಾಕದ ಮನೆಯನ್ನು ನೋಡಿ ಹಿಂದಿರುಗಿರಬೇಕಲ್ಲ ಎಂಬ ಚಿತ್ರ, ನಂಬಿಕೆಯ ಅಪ್ಪಣೆ ಕೇಳದೆಯೇ, ಅವನ ಕಣ್ಣಮುಂದೆ ಬಂದು ನಿಂತಿತು. ಅಮಾವಾಸ್ಯೆಯಾದರೂ ಇದ್ದಿದ್ದರೆ ತಪ್ಪಾಗುತ್ತಿರಲಿಲ್ಲ. ಅದನ್ನು ಬಿಡಿಸಿದವನು ತಾನೇ.

ಮರುದಿನ ಬೆಳಿಗ್ಗೆ ಅವನು ತಾಯಿಯ ಮಂಚದ ಬಳಿ ಹೋಗಿ ಕುಳಿತ. ಎಂಬತ್ತಮೂರರ ನಾಗವೇಣಿಯಮ್ಮ ಹೂಬತ್ತಿ ಹೊಸೆಯುತ್ತಿದ್ದರು.

"ಅಮ್ಮ, ಅಪ್ಪನ ದಿನ ತಪ್ಪಿಹೋಗಿದೆ. ಇಷ್ಟು ವರ್ಷ. ನನ್ನ ಲೆಕ್ಕದ ತಪ್ಪು. ದಶಮಿ ಅಲ್ಲ, ನವಮಿ."

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನವಮಿ ಅಂತ ನಿನ್ನ ಅಜ್ಜನೂ ಹೇಳಿದ್ದರು."

"ಎಂತ?"

"ಕಾರ್ಡು ಬಂದ ದಿನವೇ ಪಂಚಾಂಗ ನೋಡಿದ್ದರಲ್ಲ. ಬೆಳಿಗ್ಗೆ ನವಮಿ, ಆಮೇಲೆ ದಶಮಿ ಹಿಡಿಯುತ್ತದೆ. ಜೀವ ಹೋದ ಹೊತ್ತಿಗೆ ಯಾವುದಿತ್ತೋ ಅದೇ ತಿಥಿ. ಹೊತ್ತನ್ನು ಯಾರೂ ಬರೆಯಲಿಲ್ಲ, ಹಾಗಾಗಿ ಅಮಾವಾಸ್ಯೆಗೆ ಮಾಡುವ ಅಂತ ಅಂದರು."

ಹೊರಕೋಣೆಯಲ್ಲಿದ್ದ ಅನಘ ಫೋನಿನ ಪುಟವನ್ನು ಇನ್ನಷ್ಟು ಕೆಳಗೆ ಸರಿಸಿದಳು. "ಪಪ್ಪಾ, ಅಜ್ಜಿ ಸಹೀ ಬೋಲ್ ರಹೀ ಹೈ. ನವಮಿ ನೌ ಚಾಲೀಸ್ ತಕ್, ಉಸ್‌ಕೇ ಬಾದ್ ದಶಮಿ. ದೂಸ್ರೇ ಆ್ಯಪ್ ಮೇಂ ದಸ್ ದಸ್ ತಕ್."

ನವಮಿ ಒಂದರಲ್ಲಿ ಬೆಳಿಗ್ಗೆ ಒಂಬತ್ತು ನಲವತ್ತರವರೆಗೆ, ಇನ್ನೊಂದರಲ್ಲಿ ಹತ್ತು ಹತ್ತರವರೆಗೆ. ಅವನ ಪ್ರೋಗ್ರಾಮು, ಅಚ್ಚಿನ ಪಂಚಾಂಗದ ಮೊದಲ ಸಾಲಿನಂತೆ, ಸೂರ್ಯೋದಯದ ತಿಥಿಯನ್ನಷ್ಟೇ ಹೇಳುತ್ತಿತ್ತು. ಗಂಟೆಯನ್ನು ಅದು ಎಂದೂ ಕೇಳಿರಲಿಲ್ಲ.

"೧೯೮೮ರಲ್ಲಿ ಇದನ್ನು ಯಾಕೆ ಹೇಳಲಿಲ್ಲ ಅಮ್ಮ?"

"ಹೇಳಲಿಕ್ಕೆ ಬಿಟ್ಟರೆ ಅಲ್ವಾ? 'ಯಂತ್ರ ಹೇಳಿದೆ ಅಮ್ಮ, ಇನ್ನು ಅನುಮಾನ ಇಲ್ಲ' ಅಂತ ಕುಣಿದೆ. ನನಗೆ ಅನಿಸಿತು, ಹೊತ್ತು ಕೂಡ ಯಂತ್ರಕ್ಕೆ ಗೊತ್ತಾಗಿರಬೇಕು ಅಂತ." ಅವರು ಬತ್ತಿಗಳನ್ನು ಡಬ್ಬಿಗೆ ಹಾಕಿದರು. "ಹೊತ್ತು ಬೇಕಾದರೆ ಮುರಾರಿಯನ್ನು ಕೇಳು. ಅಪ್ಪನ ಹೋಟೆಲಿನಲ್ಲಿ ಸಾರಿನ ಒಲೆ ಅವನದ್ದೇ ಅಲ್ವಾ ಇದ್ದದ್ದು. ಘಣಸೋಲಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ದೀಪಾವಳಿಗೆ ಫೋನ್ ಮಾಡ್ತಾನೆ ನನಗೆ, ಪ್ರತಿ ವರ್ಷ."

ಶನಿವಾರ ಪುಂಡರೀಕಾಕ್ಷ ಠಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿಯಲ್ಲಿ ಇಳಿದ. ದಾರಿಯುದ್ದಕ್ಕೂ, ಎಂಬತ್ತರ ಮುದುಕನ ನೆನಪೆಂಬ ಈ ಹೊಸ ಗೇಜನ್ನು ಯಾವುದರಿಂದ ಅಳೆಯುವುದೆಂದು ತಿಳಿಯದೆ ಒದ್ದಾಡಿದ್ದ. ಹೊಸ ಸೆಕ್ಟರುಗಳ ಬೆನ್ನಿಗೆ ಅಂಟಿದ ಹಳೆಯ ಊರಿನ ಗಲ್ಲಿಯಲ್ಲಿ, ನೆಲಮಟ್ಟದ ಮನೆಯ ಜಗಲಿಯಲ್ಲಿ, ಮುರಾರಿ ಬನಿಯನಿನಲ್ಲಿ ಕೂತು ಹಸಿ ಬಟಾಣಿ ಬಿಡಿಸುತ್ತಿದ್ದರು.

"ಯಾರು, ಪುಂಡನಾ? ಅಮ್ಮ ಫೋನ್ ಮಾಡಿದ್ದರು. ಅಪ್ಪ ಹೋದ ಹೊತ್ತು ಕೇಳಲಿಕ್ಕೆ ಐವತ್ತೇಳು ವರ್ಷ ಬೇಕಾಯ್ತಾ ನಿನಗೆ? ಡೊಂಬಿವಲಿಯಿಂದ ನಡೆದುಕೊಂಡು ಬಂದೆಯಾ ಹೇಗೆ?"

"ಕೇಳಬೇಕು ಅಂತಲೇ ಗೊತ್ತಿರಲಿಲ್ಲ ಮುರಾರಿ ಮಾಮ."

"ಕೂತುಕೋ. ಬಟಾಣಿ ಬಿಡಿಸು, ಸುಮ್ಮನೆ ಕೂರಬೇಡ." ತಟ್ಟೆಯನ್ನು ಇಬ್ಬರ ನಡುವೆ ಎಳೆದರು. "ಸಾರಿಗೆ ಒಗ್ಗರಣೆ ಹಾಕಿ ನಾನು ರಾಯರನ್ನು, ನಿನ್ನ ಅಪ್ಪನನ್ನು, ಕರೆದೆ. ದಿನಾ ಅವರೇ ನೋಡುವುದು, ಅಂಗೈಗೆ ಹಾಕಿಸಿಕೊಂಡು. ನೋಡಿದರು. 'ಉಪ್ಪು ಸಾಲದು ಮುರಾರಿ' ಅಂದರು. ನಾನು ಉಪ್ಪಿನ ಮರದ ಮರಿಗೆ ತರಲಿಕ್ಕೆ ಹೋದೆ. ಬರುವಾಗ ಅಕ್ಕಿ ಚೀಲಕ್ಕೆ ಒರಗಿ ಕೂತಿದ್ದರು. ಅಷ್ಟೆ."

ಅಪ್ಪನ ಕೊನೆಯ ಮಾತು ಏನೆಂಬುದು ಪುಂಡರೀಕಾಕ್ಷನಿಗೆ ಆ ಕ್ಷಣದವರೆಗೆ ತಿಳಿದಿರಲಿಲ್ಲ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಅವನು ತನಗೆ ಗೊತ್ತಿದ್ದ ಕೆಲಸಕ್ಕೇ ಹಿಂದಿರುಗಿದ.

"ಆಗ ಎಷ್ಟು ಗಂಟೆ ಆಗಿರಬಹುದು?"

"ಕಾರ್ಖಾನೆಯ ಹನ್ನೆರಡರ ಭೋಂಗಾ ಕೂಗಿರಲಿಲ್ಲ. ಅದಾದ ಕೂಡಲೇ ಕಾರ್ಖಾನೆಯವರು ಊಟಕ್ಕೆ ನುಗ್ಗುತ್ತಿದ್ದರಲ್ಲ. ಆವತ್ತು ಬಂದವರು ಬಾಗಿಲಲ್ಲೇ ನಿಂತರು, ಯಾರೂ ಕೂರಲಿಲ್ಲ."

"ಒಂಬತ್ತು, ಒಂಬತ್ತೂವರೆ ಆಗಿರಬಹುದಾ? ನೆನಪು ತಪ್ಪಿರಬಹುದಲ್ಲ ಮಾಮ, ಇಷ್ಟು ವರ್ಷ ಆಯ್ತು."

ಮುರಾರಿಗೆ ನಗು ಬಂತು. "ನೀನು ಹೋಟೆಲಿನವರ ಮಗ ಅಂತ ಹೊರಗೆ ಹೇಳಬೇಡ. ಒಂಬತ್ತೂವರೆಗೆ ಸಾರು? ನಮ್ಮಲ್ಲಿ ಇದ್ದದ್ದು ಎರಡು ಒಲೆ. ಬೆಳಿಗ್ಗೆ ಒಂದರಲ್ಲಿ ಇಡ್ಲಿಯ ಹಂಡೆ, ಇನ್ನೊಂದರಲ್ಲಿ ದೋಸೆಯ ಕಾವಲಿ. ತಿಂಡಿ ಬಂದ್ ಆಗುವುದು ಹತ್ತೂವರೆಗೆ. ಆಮೇಲೆ ಹಂಡೆ ಇಳಿಸಿ, ಒಲೆ ಸಾರಿಸಿ, ಸಾರಿನ ನೀರು ಇಡುವುದು. ಅದಕ್ಕೆ ಮೊದಲು ಇಡುವುದಾದರೆ ಎಲ್ಲಿ ಇಡ್ತಿ, ನನ್ನ ತಲೆಯ ಮೇಲಾ?"

ಪುಂಡರೀಕಾಕ್ಷ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇದು ನೆನಪಿನ ಮಾತಲ್ಲ. ಮನುಷ್ಯನ ನೆನಪು ತಪ್ಪಬಹುದು, ಆದರೆ ಎರಡು ಒಲೆಯ ಮೇಲೆ ಮೂರು ಪಾತ್ರೆ ಇಡಲಾಗದು. ಹತ್ತೂವರೆಗೆ ನೀರಿಟ್ಟರೆ, ಬೇಳೆ ಬೆರೆತು ಕುದಿದು ಒಗ್ಗರಣೆ ಬೀಳುವಾಗ ಹನ್ನೊಂದು ದಾಟಲೇಬೇಕು. ನವಮಿ ಮುಗಿದದ್ದು ಒಂದರ ಪ್ರಕಾರ ಒಂಬತ್ತು ನಲವತ್ತಕ್ಕೆ, ಇನ್ನೊಂದರ ಪ್ರಕಾರ ಹತ್ತು ಹತ್ತಕ್ಕೆ. ಯಾವುದನ್ನು ಹಿಡಿದರೂ ಐವತ್ತು ನಿಮಿಷಕ್ಕೆ ಕಡಿಮೆಯಿಲ್ಲದ ಅಂತರ ಉಳಿಯುತ್ತಿತ್ತು. ಕಾರ್ಖಾನೆಯಲ್ಲಾಗಿದ್ದರೆ ಅವನು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದ.

"ಹಾಗಾದರೆ ದಶಮಿ," ಎಂದ.

"ನೀವು ಮಾಡುವುದೂ ದಶಮಿಗೇ ಅಲ್ವಾ?"

"ಹೌದು."

"ಮತ್ತೆ ಬಂದದ್ದು ಎಂತಕ್ಕೆ?"

ವಿವರಿಸಹೊರಟರೆ ಲಿಫ್ಟಿನಿಂದ ತೊಡಗಬೇಕಿತ್ತು. "ಶುಕ್ರವಾರ ನೀವು ನಮ್ಮಲ್ಲಿಗೆ ಬರಬೇಕು ಮಾಮ. ಅನಘ ಬಂದು ಕರೆದುಕೊಂಡು ಹೋಗ್ತಾಳೆ," ಎಂದಷ್ಟೇ ಹೇಳಿದ.

ಮರಳುವ ಗಾಡಿಯಲ್ಲಿ ಜಾಗ ಸಿಕ್ಕಿತು. ಅವನು ಜೇಬಿನಿಂದ ಟೇಬಲಿನ ಹಾಳೆ ತೆಗೆದ. ನೀಲಿ ಕಂಪೈಲರು ಅವನಿಗೆ ಬೇಡವಾದ ಕಡೆಗೆ ಭಾಗಿಸಿ, ಒಂದು ತಿಥಿ ಹೆಚ್ಚು ಎಣಿಸಿ, ಸರಿಯಾದ ದಿನವನ್ನು ಕೊಟ್ಟಿತ್ತು. ಹಸಿರು ಕಂಪೈಲರು ಅವನು ಬಯಸಿದಂತೆಯೇ ಭಾಗಿಸಿ ತಪ್ಪು ದಿನವನ್ನು ಕೊಟ್ಟಿತ್ತು. ಅವನ ಮೊದಲ ತಪ್ಪು, ಗಂಟೆ ಕೇಳದೆ ಹೋದದ್ದು, ಅಪ್ಪನನ್ನು ಒಂದು ದಿನ ಹಿಂದಕ್ಕೆ ತಳ್ಳಿತ್ತು. ಎರಡನೆಯ ತಪ್ಪು, ಭಾಗಾಕಾರದ್ದು, ಅವರನ್ನು ಒಂದು ದಿನ ಮುಂದಕ್ಕೆ ಎಳೆದು ಮೂಲಸ್ಥಾನದಲ್ಲೇ ಕೂರಿಸಿತ್ತು. ಹಸಿರು ಕ್ಯಾಸೆಟ್ಟು ಮೊದಲು ಕೈಗೆ ಬಂದಿದ್ದರೆ, ಅಥವಾ ಅವನು ಇನ್ನೂ ಸ್ವಲ್ಪ ಜಾಣನಾಗಿದ್ದಿದ್ದರೆ, ಮೂವತ್ತೇಳು ವರ್ಷ ನಿಜಕ್ಕೂ ತಪ್ಪಿಹೋಗುತ್ತಿತ್ತು. ಐರೋಲಿ ದಾಟುವವರೆಗೆ ಅವನು ಇದನ್ನು ತಿರುಗಿಸಿ ಮುರುಗಿಸಿ ನೋಡಿದ. 'ನಂಬಬಹುದೇ?' ಎಂಬ ಅಂಕಣದಲ್ಲಿ ಮೂರು ಚೌಕಗಳು ಖಾಲಿಯಾಗಿಯೇ ಇದ್ದವು. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ವಿಶ್ರುತನಿಗೆ ಫೋನ್ ಮಾಡಿದ.

"ಟೇಬಲ್ ರೆಡಿ ಆತೇನ್ರಿ ಕಾಕಾರ? ಗೆದ್ದದ್ದು ಯಾವುದು?"

"ಗೆದ್ದದ್ದು ಗೊತ್ತಾಗಲಿಲ್ಲ ಮಾರಾಯ. ನನಗೆ ಇಪ್ಪತ್ತು ನಿಮಿಷ ಸಾಲದು, ನಲವತ್ತು ಕೊಡು. ಒಂದು ಸಾರಿನ ವಿಷಯ ಕೂಡ ಹೇಳಲಿಕ್ಕುಂಟು."

"ಯಾವ ಸಾರ್ರೀ?" ಎಂದು ವಿಶ್ರುತ ಕೇಳುತ್ತಿರುವಾಗಲೇ ಡೊಂಬಿವಲಿಯ ಗಾಡಿ ಬಂತು.

ಮನೆಗೆ ಬಂದವನೇ ಭಟ್ಟರಿಗೆ ತಿಳಿಸಿದ: ಶುಕ್ರವಾರ, ದಶಮಿ. ಆಮೇಲೆ ತಾಯಿಯ ಕೋಣೆಗೆ ಹೋಗಿ ಒಲೆಯ ಕಥೆ, ಹತ್ತೂವರೆಯ ಕಥೆ ಎಲ್ಲವನ್ನೂ ಒಂದೊಂದಾಗಿ ಹೇಳಿದ. ಉಪ್ಪಿನ ಮಾತು ಬಂದಾಗ ನಾಗವೇಣಿಯಮ್ಮ ಮುಖವನ್ನು ಸ್ವಲ್ಪ ಗೋಡೆಯ ಕಡೆಗೆ ತಿರುಗಿಸಿದರು.

"ಮುರಾರಿಯ ಕೈಯೇ ಹಾಗೆ, ಉಪ್ಪು ಯಾವಾಗಲೂ ಕಮ್ಮಿ," ಎಂದರು. ಆಮೇಲೆ, "ದಶಮಿಯೇ ಆಯ್ತಲ್ಲ."

"ದಶಮಿಯೇ ಅಮ್ಮ. ಆದರೆ ಇಷ್ಟು ವರ್ಷ ಮಾಡಿದ ಕಾರಣ ಬೇರೆ, ಈ ಸಲದ ಕಾರಣ ಬೇರೆ. ಮೊದಲಿನದ್ದು ಸರಿಯಾದದ್ದು ಹೇಗೆ ಅಂತಲೇ ನನಗೆ..."

"ಕಾರಣ ನಿನ್ನ ಹತ್ತಿರ ಇಟ್ಟುಕೋ. ಕರಿ ಎಳ್ಳು ಮುಗಿದಿದೆ ಅಂತ ವನಮಾಲಾ ಎರಡು ದಿನದಿಂದ ಹೇಳ್ತಾ ಇದ್ದಾಳೆ. ತಂದೆಯಾ?"

ಅವನು ತಂದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಕಿಸೆಯಲ್ಲಿ ಖಾಲಿ ಚೌಕಗಳ ಹಾಳೆ ಇನ್ನೂ ಇತ್ತು. ಅಂಗಡಿಯವನು ಎಳ್ಳು ತೂಗುವಾಗ ಅವನ ಕಣ್ಣು, ಅಭ್ಯಾಸಬಲದಿಂದ, ತಕ್ಕಡಿಯ ಮುಳ್ಳಿನ ಮೇಲೆಯೇ ಇತ್ತು.